ಎಲ್ಲಿಂದ ಬಂತು, ಯಾರು ಮಾಡಿದ್ದು: ದೊಡ್ಡ ನಗರಗಳ ಸಂತೆಗಳಿಗೆ ನನ್ನ ಮಾರ್ಕ್ಸು

ಸಂತೆಗೆ ಸ್ಟಾರ್ ಕೊಡುವವರು ಸಾಮಾನ್ಯವಾಗಿ ಜನಜಂಗುಳಿ ಎಷ್ಟಿತ್ತು, ಪಾರ್ಕಿಂಗ್ ಸಿಕ್ಕಿತಾ, ಫೋಟೋ ಚೆನ್ನಾಗಿ ಬಂತಾ ಅಂತ ನೋಡಿ ಕೊಡುತ್ತಾರೆ. ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಸುತ್ತುತ್ತೇನೆ. ಹಳೆ ಸಾಮಾನಿನ ಸಂತೆಯಾದರೆ ‘ಇದು ಎಲ್ಲಿಂದ ಬಂತು?’ ಕೈಕೆಲಸದ ಸಂತೆಯಾದರೆ ‘ಇದನ್ನು ಯಾರು ಮಾಡಿದ್ದು?’ ಎಷ್ಟು ಅಂಗಡಿಗಳಲ್ಲಿ ನೇರ ಉತ್ತರ ಸಿಗುತ್ತದೋ ಅಷ್ಟೇ ಆ ಸಂತೆಗೆ ಮಾರ್ಕ್ಸು. ಬೆಲೆ ಆಮೇಲಿನ ಮಾತು. ಈ ಲೆಕ್ಕದಲ್ಲಿ ಭಾರಿ ಹೆಸರಿರುವ ಕೆಲವು ಸಂತೆಗಳು ಅರ್ಧಕ್ಕರ್ಧ ಫೇಲಾಗುತ್ತವೆ. ಆದರೂ ಉಳಿದ ಅರ್ಧಕ್ಕಾಗಿ ಹೋಗಬೇಕು.

ಲಂಡನ್ನಿನ ಪೋರ್ಟೊಬೆಲ್ಲೊ ರೋಡ್‌ನಿಂದಲೇ ಶುರು ಮಾಡೋಣ. ಹಳೆ ಸಾಮಾನಿಗೆ ಶನಿವಾರವೇ ಮುಖ್ಯ ದಿನ. ನಾಟಿಂಗ್ ಹಿಲ್ ಗೇಟ್ ಸ್ಟೇಷನ್ನಿನಲ್ಲಿ ಇಳಿದವರೆಲ್ಲ ಒಂದೇ ಕಡೆ ನಡೆಯುವುದರಿಂದ ದಾರಿ ಕೇಳುವ ಕೆಲಸವೇ ಇಲ್ಲ. ಮೊದಲು ಬಣ್ಣಬಣ್ಣದ ಮನೆಗಳು. ಆಮೇಲೆ ಇಳಿಜಾರಿನ ಉದ್ದಕ್ಕೂ ಬೆಳ್ಳಿ ಚಮಚ, ಗಾಜಿನ ಬಟ್ಟಲು, ಹಳೆ ನಕ್ಷೆ, ಕ್ಯಾಮೆರಾ, ಗಡಿಯಾರ. ಅದು ಮುಗಿದರೆ ತರಕಾರಿ, ಹಣ್ಣು. ಅದರಾಚೆ ಹೊಸ ಬಟ್ಟೆಗಳು. ವೆಸ್ಟ್‌ವೇ ಫ್ಲೈಓವರ್ ಕೆಳಗೆ ಹಳೆ ಬಟ್ಟೆಗಳು. ಇನ್ನೂ ಮುಂದೆ ಹೋದರೆ ಗೋಲ್ಬೋರ್ನ್ ರೋಡ್. ಅಲ್ಲಿ ಕುರ್ಚಿ, ಕನ್ನಡಿ, ಹಿಡಿ ಮುರಿದ ಸೂಟ್‌ಕೇಸ್ ಎಲ್ಲ ನೆಲದ ಮೇಲೇ ಇರುತ್ತವೆ.

ನನ್ನ ಸಲಹೆ ಏನಂದರೆ, ಲ್ಯಾಡ್‌ಬ್ರೋಕ್ ಗ್ರೋವ್ ಸ್ಟೇಷನ್ನಿನಲ್ಲಿ ಇಳಿದು ಉಲ್ಟಾ ಬನ್ನಿ. ಬೆಳಿಗ್ಗೆ ಬೇಗ ಗೋಲ್ಬೋರ್ನ್ ರೋಡ್ ನೋಡಿಕೊಂಡು ಮೇಲೆ ಹತ್ತಿದರೆ ಜನ ಎದುರಿಗೆ ಬರುತ್ತಾರೆ, ನಿಮ್ಮ ಬೆನ್ನಿಗೆ ಬೀಳುವುದಿಲ್ಲ. ಹನ್ನೊಂದು ಗಂಟೆ ದಾಟಿದ ಮೇಲೆ ಮೇಲಿನ ಭಾಗದಲ್ಲಿ ಒಂದು ಮೇಜಿನ ಮುಂದೆ ನೆಮ್ಮದಿಯಾಗಿ ನಿಲ್ಲೋಕೂ ಆಗುವುದಿಲ್ಲ. ರಸ್ತೆ ಬದಿಯ ಮೇಜುಗಳಿಗಿಂತ ಒಳಗಿನ ಆರ್ಕೇಡ್‌ಗಳು ನನಗೆ ಇಷ್ಟ. ಒಂದೊಂದು ಬಾಗಿಲೊಳಗೂ ಹತ್ತಾರು ಪುಟ್ಟ ಮಳಿಗೆಗಳು. ಒಬ್ಬರು ಬರೀ ಗುಂಡಿ ಇಟ್ಟುಕೊಂಡಿರುತ್ತಾರೆ, ಇನ್ನೊಬ್ಬರು ಬರೀ ದೂರದರ್ಶಕ. ಕೆಲವು ಆರ್ಕೇಡ್‌ಗಳು ಮುಚ್ಚಿ ಬಟ್ಟೆ ಅಂಗಡಿಗಳಾಗಿವೆ. ಉಳಿದವನ್ನಾದರೂ ನೋಡಿಬಿಡಿ.

ಇಂಥದ್ದೊಂದು ಆರ್ಕೇಡ್‌ನಲ್ಲಿ ಬೆಳ್ಳಿ ಸಾಮಾನಿನ ಹಿರಿಯರೊಬ್ಬರಿಗೆ ನನ್ನ ಪ್ರಶ್ನೆ ಹಾಕಿದೆ. ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ಕಣ್ಣಿಗೆ ಹಿಡಿಯುವ ಭೂತಗನ್ನಡಿ ಕೈಗೆ ಕೊಟ್ಟು, ಚಮಚ ತಿರುಗಿಸಿ, ನೀವೇ ಓದಿ ಅಂದರು. ಹಿಂದೆ ಒತ್ತಿದ ಪುಟ್ಟ ಮುದ್ರೆಗಳಲ್ಲಿ ನಡೆಯುತ್ತಿರುವ ಸಿಂಹ ಇದ್ದರೆ ಸ್ಟರ್ಲಿಂಗ್ ಬೆಳ್ಳಿ, ಅಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ. ಚಿರತೆಯ ತಲೆ ಇದ್ದರೆ ಲಂಡನ್ನಿನಲ್ಲಿ ಪರೀಕ್ಷೆ ಆದದ್ದು. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್. ಪಕ್ಕದ ಒಂದೇ ಒಂದು ಅಕ್ಷರ ವರ್ಷವನ್ನು ಹೇಳುತ್ತದೆ. ಆ ಅಕ್ಷರದ ಆಕಾರ, ಅದರ ಸುತ್ತಲಿನ ಚೌಕಟ್ಟು ಎರಡನ್ನೂ ಪಟ್ಟಿಯ ಜೊತೆ ಹೋಲಿಸಬೇಕು. ಇನ್ನೆರಡು ಅಕ್ಷರ ಮಾಡಿದವರ ಗುರುತು. ಎಲ್ಲಿ, ಯಾವಾಗ, ಯಾರು ಅನ್ನುವುದೆಲ್ಲ ಚಮಚದ ಹಿಡಿಯ ಹಿಂದೆ ಎರಡು ಸೆಂಟಿಮೀಟರ್ ಜಾಗದಲ್ಲಿ ಮುಗಿದುಹೋಗುತ್ತದೆ!

ಹೊರಗೆ ಬಂದು ರಸ್ತೆ ಬದಿಯ ಮೇಜಿನಲ್ಲಿ ಅಷ್ಟೇ ಹೊಳೆಯುವ ಚಮಚಕ್ಕೂ ಅದೇ ಪ್ರಶ್ನೆ ಕೇಳಿದೆ. ‘ವಿಂಟೇಜ್’ ಅನ್ನೋ ಒಂದೇ ಪದ ಉತ್ತರವಾಗಿ ಬಂತು. ತಿರುಗಿಸಿದರೆ ಇ.ಪಿ.ಎನ್.ಎಸ್. ಅಂತ ಒತ್ತಿತ್ತು. ಅಂದರೆ ತಾಮ್ರ, ನಿಕಲ್, ಸತು ಸೇರಿದ ಲೋಹಕ್ಕೆ ಬೆಳ್ಳಿ ಲೇಪ ಕೊಟ್ಟದ್ದು. ಊಟಕ್ಕೆ ಬಳಸೋಕೆ ಅದು ಚೆನ್ನಾಗಿಯೇ ಇರುತ್ತದೆ, ತಪ್ಪೇನಿಲ್ಲ. ಬೆಳ್ಳಿಯ ಬೆಲೆ ಹೇಳಿದರೆ ಮಾತ್ರ ಸುಮ್ನೆ ಕೆಳಗಿಟ್ಟು ಮುಂದೆ ಹೋಗಿ.

ಪಿಂಗಾಣಿಯೂ ಹೀಗೇ. ಮಾರುವವರು ಬಾಯಿ ಬಿಡದಿದ್ದರೆ ತಟ್ಟೆಯ ತಳವೇ ಮಾತಾಡುತ್ತದೆ. ಬ್ರಿಟಿಷ್ ಸಾಮಾನಿನ ಮೇಲೆ ವಜ್ರದ ಆಕಾರದ ನೋಂದಣಿ ಗುರುತಿದ್ದರೆ ಆ ವಿನ್ಯಾಸ 1842 ಮತ್ತು 1883ರ ನಡುವೆ ನೋಂದಣಿಯಾದದ್ದು. ‘ಇಂಗ್ಲೆಂಡ್’ ಅಂತ ದೇಶದ ಹೆಸರಿದ್ದರೆ ಸಾಮಾನ್ಯವಾಗಿ 1891ರಿಂದ ಈಚೆಗಿನದು. ತನ್ನಲ್ಲಿಗೆ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ ಕಾನೂನು ಮಾಡಿದ್ದು ಇದಕ್ಕೆ ಕಾರಣ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೇನೆ ಜಪಾನಿನಲ್ಲಿ ಕೂತಿದ್ದ ಕಾಲದ ಗೊಂಬೆಗಳ ತಳದಲ್ಲಿ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತ ಬರೆದಿರುತ್ತದೆ. ಆ ಆಡಳಿತ ಮುಗಿದದ್ದು 1952ರಲ್ಲಿ. ‘ಇದು ನಮ್ಮಜ್ಜನ ಅಜ್ಜಿಯದು’ ಅಂತ ಯಾರಾದರೂ ಅಂಥ ಗೊಂಬೆ ತೋರಿಸಿದರೆ ನಗು ತಡೆದುಕೊಳ್ಳಿ.

ಲಂಡನ್ನಿನಲ್ಲೇ ಶುಕ್ರವಾರ ಬೆಳಗಿನ ಜಾವ ನಡೆಯುವ ಬರ್ಮಂಡ್ಸಿ ಸಂತೆ ಇದೆ. ಸುತ್ತ ಅಪಾರ್ಟ್‌ಮೆಂಟ್ ಎದ್ದ ಮೇಲೆ ಬಹಳ ಸಣ್ಣದಾಗಿದೆ. ಅದರ ಮಾತು ಬಂದಾಗಲೆಲ್ಲ ಒಂದು ಹಳೆಯ ಇಂಗ್ಲಿಷ್ ಕಾನೂನಿನ ಮಾತೂ ಬರುತ್ತದೆ. ಬಹಿರಂಗ ಸಂತೆಯಲ್ಲಿ, ಸೂರ್ಯ ಹುಟ್ಟಿ ಮುಳುಗುವುದರೊಳಗೆ, ಕದ್ದ ಮಾಲು ಅಂತ ತಿಳಿಯದೆ ಕೊಂಡರೆ ಮಾಲು ಕೊಂಡವನದೇ ಆಗುತ್ತಿತ್ತು. ಕಳೆದುಕೊಂಡವನು ವಾಪಸ್ ಕೇಳುವಂತಿರಲಿಲ್ಲ. ಇದು ರದ್ದಾದದ್ದು 1995ರಲ್ಲಿ, ಅಷ್ಟು ಈಚೆಗೆ. ಅಂದರೆ ನನ್ನ ಪ್ರಶ್ನೆಯನ್ನು ಕೇಳದೇ ಇರುವುದಕ್ಕೆ ಕಾನೂನೇ ಅವಕಾಶ ಕೊಟ್ಟಿತ್ತು.

ಪ್ಯಾರಿಸ್ಸಿನ ಸೇಂಟ್ ವಾನ್ ಸಂತೆಗೆ ಬರೋಣ. ಇದನ್ನು ಬೈದವರು, ಹೊಗಳಿದವರು ಇಬ್ಬರೂ ಸರಿಯೇ. ಅವರು ನೋಡಿದ್ದು ಬೇರೆ ಬೇರೆ ಜಾಗ, ಅಷ್ಟೇ. ನಾಲ್ಕನೇ ಮೆಟ್ರೋ ಲೈನಿನಲ್ಲಿ ಪೋರ್ಟ್ ದ ಕ್ಲಿನ್ಯಾಂಕೂರ್‌ನಲ್ಲಿ ಇಳಿದ ತಕ್ಷಣ ಸಿಗುವುದು ಹೊಸ ಜೀನ್ಸ್, ಮೊಬೈಲ್ ಕವರ್, ಬ್ರ್ಯಾಂಡ್ ಹೆಸರಿನ ನಕಲಿ ಬೆಲ್ಟು, ಜೊತೆಗೆ ನಿಮ್ಮ ಜೇಬಿನ ಮೇಲೆ ಕಣ್ಣಿಟ್ಟವರು. ಇದೇ ಸಂತೆ ಅಂದುಕೊಂಡು ಇಲ್ಲಿಂದಲೇ ವಾಪಸ್ ಹೋಗುವವರು ಬಹಳ ಜನ. ಹಾಗೆ ಮಾಡಬೇಡಿ. ವರ್ತುಲ ರಸ್ತೆಯ ಮೇಲ್ಸೇತುವೆಯ ಕೆಳಗೆ ನುಗ್ಗಿ ಆಚೆ ಹೋಗಿ, ಎಡಕ್ಕೆ ರೂ ದೆ ರೋಸಿಯೆ ಹಿಡಿಯಿರಿ. ನಿಜವಾದ ಸಂತೆ ಆ ರಸ್ತೆಯ ಎರಡೂ ಬದಿಯಲ್ಲಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ಚಿಂದಿ ಆಯುವವರನ್ನು ಊರ ಗೋಡೆಯಿಂದ ಆಚೆ ತಳ್ಳಿದಾಗ ಅವರು ಕಸದಲ್ಲಿ ಸಿಕ್ಕಿದ್ದನ್ನು ಹರವಿ ಮಾರಲು ಕೂತ ಜಾಗ ಇದು. 1885ನ್ನು ಸಂತೆಯ ಹುಟ್ಟಿದ ವರ್ಷ ಅಂತ ಎಣಿಸುತ್ತಾರೆ. ಈಗ ಒಂದರ ಪಕ್ಕ ಒಂದು ಹತ್ತಕ್ಕಿಂತ ಜಾಸ್ತಿ ಮಾರುಕಟ್ಟೆಗಳಿವೆ. ಪಾಲ್ ಬೆರ್ ಮತ್ತು ಸೆರ್ಪೆಟ್‌ನಲ್ಲಿರುವ ಕುರ್ಚಿಗಳನ್ನು ದೂರದಿಂದ ನೋಡುವುದೇ ವಾಸಿ. ಅಲ್ಲಿ ಎಲ್ಲರಿಗೂ ಎಲ್ಲದರ ಹುಟ್ಟು ಗೊತ್ತು. ನನ್ನ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುತ್ತಾರೆ. ಕೊಳ್ಳುವ ಶಕ್ತಿ ಇರಬೇಕು ಅಷ್ಟೇ. ದೋಫಿನ್‌ನ ಮೇಲಿನ ಮಹಡಿಯಲ್ಲಿ ಹಳೆ ಪುಸ್ತಕ, ಹಳೆ ರೆಕಾರ್ಡು ಸಿಗುತ್ತವೆ. ಮಳೆ ಬಂದರೆ ಅಲ್ಲಿಗೆ ಓಡಿ, ಮೇಲೆ ಗಾಜಿನ ಚಾವಣಿ ಇದೆ.

ನಾನು ಹೊತ್ತು ಕಳೆಯುವುದು ವೆರ್ನೆಜೋನ್‌ನಲ್ಲಿ. 1920ರಿಂದ ಇರುವ ಮಾರುಕಟ್ಟೆ. ಇಕ್ಕಟ್ಟಾದ ಓಣಿಗಳು, ಬಾಗಿಲಿಲ್ಲದ ಗೂಡಂಗಡಿಗಳು. ಮಣಿ, ಲೇಸು, ಕೀಲಿಕೈ, ಔಷಧಿ ಅಂಗಡಿಯ ಹಳೆ ಸೀಸೆ. ಪೋಸ್ಟ್‌ಕಾರ್ಡ್ ಮಾರುವ ಒಬ್ಬ ಹೆಂಗಸು ಊರಿನ ಹೆಸರಿನ ಪ್ರಕಾರ ಡಬ್ಬಿಗಳಲ್ಲಿ ಜೋಡಿಸಿಟ್ಟಿದ್ದರು. ಕೇಳಿದ್ದಕ್ಕೆ, ಒಂದು ಮನೆ ಖಾಲಿ ಮಾಡಿಸುವಾಗ ಇಡೀ ಟ್ರಂಕೇ ಸಿಕ್ಕಿತು ಅಂದರು. ಎಲ್ಲ ಕಾರ್ಡುಗಳೂ ಒಬ್ಬರೇ ಅಕ್ಕನಿಗೆ ಬರೆದಂಥವು. ಹಳೆ ಕಾರ್ಡು ನೋಡುವವರಿಗೆ ಒಂದು ಸುಳಿವು ಕೊಡುತ್ತೇನೆ. ಹಿಂಬದಿಯಲ್ಲಿ ಮಧ್ಯ ಗೆರೆ ಇಲ್ಲದೆ ಬರೀ ವಿಳಾಸಕ್ಕೆ ಜಾಗ ಇದ್ದರೆ ಅದು ತೀರಾ ಹಳೆಯ ಮಾದರಿ. ವಿಳಾಸದ ಪಕ್ಕದಲ್ಲೇ ಸುದ್ದಿ ಬರೆಯಲು ಬ್ರಿಟನ್ ಬಿಟ್ಟದ್ದು 1902ರಲ್ಲಿ, ಅಮೆರಿಕ ಬಿಟ್ಟದ್ದು 1907ರಲ್ಲಿ. ಅದಕ್ಕೆ ಮುಂಚೆ ಜನ ಚಿತ್ರದ ಅಂಚಿನಲ್ಲೇ ಗೀಚುತ್ತಿದ್ದರು.

ಸೇಂಟ್ ವಾನ್ ತೆರೆದಿರುವುದು ಶನಿವಾರ, ಭಾನುವಾರ, ಸೋಮವಾರ. ಸೋಮವಾರ ಅರ್ಧ ಅಂಗಡಿಗಳಿಗೆ ಬೀಗ ಇರುತ್ತದೆ. ಪ್ಯಾರಿಸ್ಸಿನಲ್ಲಿ ಒಂದೇ ಬೆಳಿಗ್ಗೆ ಸಿಗುತ್ತದೆ ಅನ್ನುವವರಿಗೆ ನಾನು ಹೇಳುವುದು ಬೇರೆ ಜಾಗ. ಊರಿನ ದಕ್ಷಿಣಕ್ಕಿರುವ ಪೋರ್ಟ್ ದ ವಾನ್ವ್. ಶನಿವಾರ, ಭಾನುವಾರ ಬೆಳಿಗ್ಗೆ ಮಾತ್ರ. ಫುಟ್‌ಪಾತಿನ ಮೇಲೆ ಮೇಜು ಹಾಕಿ ಕೂರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಾರೆ. ಇಲ್ಲಿ ಮಾರುವವರೇ ಮನೆಗಳಿಗೆ ಹೋಗಿ ಸಾಮಾನು ಎತ್ತಿಕೊಂಡು ಬಂದಿರುತ್ತಾರೆ. ಹಾಗಾಗಿ ಉತ್ತರ ಸಿಗುತ್ತದೆ, ಬೆಲೆಯೂ ಮಾತಿಗೆ ಬಗ್ಗುತ್ತದೆ.

ಬರ್ಲಿನ್ನಿನ ಮೌವರ್‌ಪಾರ್ಕ್ ಭಾನುವಾರದ ಸಂತೆ. ಬರ್ಲಿನ್ ಗೋಡೆ ಹಾದುಹೋಗಿದ್ದ ಜಾಗ. ಬಿಸಿಲಿದ್ದರೆ ಪಕ್ಕದ ಮೆಟ್ಟಿಲುಗಳ ಮೇಲೆ ಸಾವಿರಾರು ಜನ ಕೂತು ಕ್ಯಾರಿಯೋಕೆ ಕೇಳುತ್ತಾರೆ. ಹಾಡು ಕೇಳೋಕೆ ಹೋಗಿ. ಗೋಡೆಯ ಚೂರು ಅಂತ ಮಾರುವ ಬಣ್ಣ ಬಳಿದ ಕಾಂಕ್ರೀಟಿಗೆ ಮಾತ್ರ ನನ್ನ ಪ್ರಶ್ನೆ ಕೇಳಿ ಮಜಾ ತಗೊಳ್ಳಿ.

ಲಿಸ್ಬನ್ನಿನ ಫೇರಾ ದ ಲಾದ್ರಾ ನೋಡೋಕೆ ಬಹಳ ಚೆಂದ. ಮಂಗಳವಾರ ಮತ್ತು ಶನಿವಾರ. ಕಾಂಪೊ ದ ಸಾಂತಾ ಕ್ಲಾರಾ ಮೈದಾನದಲ್ಲಿ 1882ರಿಂದ ನಡೆಯುತ್ತಿದೆ. 28ನೇ ನಂಬರಿನ ಟ್ರಾಮ್ ಹತ್ತಿರ ಬಿಡುತ್ತದೆ. ನೆಲಕ್ಕೆ ಕಂಬಳಿ ಹಾಸಿ ಶೂ, ರೇಡಿಯೋ, ಶಿಲುಬೆ, ಚಾರ್ಜರ್ ಎಲ್ಲ ಹರವಿರುತ್ತಾರೆ. ಆದರೆ ಇಲ್ಲಿ ನನ್ನ ಪ್ರಶ್ನೆ ಸ್ವಲ್ಪ ಗಂಭೀರವಾಗುತ್ತದೆ. ಪ್ರವಾಸಿಗಳು ಮುಗಿಬೀಳುವುದು ನೀಲಿ ಬಿಳಿ ಹಳೆ ಟೈಲ್ಸ್‌ಗೆ. ಪೋರ್ಚುಗಲ್ಲಿನಲ್ಲಿ ಹಳೆ ಮನೆ, ಚರ್ಚುಗಳ ಗೋಡೆಯಿಂದ ಟೈಲ್ಸ್ ಕಿತ್ತು ಕದಿಯುವುದು ಎಷ್ಟು ಹೆಚ್ಚಿತ್ತೆಂದರೆ ಅದನ್ನು ತಡೆಯೋಕೆ 2007ರಲ್ಲಿ ಪೊಲೀಸ್ ಇಲಾಖೆಯ ಮ್ಯೂಸಿಯಂ ಮೂಲಕವೇ ಒಂದು ಯೋಜನೆ ಶುರುವಾಯಿತು. ಹಿಂಬದಿಯಲ್ಲಿ ಗಾರೆ ಅಂಟಿರುವ ಟೈಲ್ ಹಿಡಿದು ಎಲ್ಲಿಂದ ಬಂತು ಅಂತ ಕೇಳಿದಾಗ ಮಾರುವವರು ಹೆಗಲು ಹಾರಿಸಿದರೆ ಅಲ್ಲಿಗೆ ಬಿಡಿ. ಉಳಿದ ಕಡೆ ಉತ್ತರ ಇಲ್ಲದಿದ್ದರೆ ಮಾರ್ಕ್ಸು ಕಡಿಮೆ ಅಷ್ಟೇ. ಇಲ್ಲಿ ಉತ್ತರ ಇಲ್ಲದ್ದನ್ನು ನಾನು ಮುಟ್ಟುವುದೇ ಇಲ್ಲ. ಹೊಸದಾಗಿ ಮಾಡಿದ ಟೈಲ್ಸ್ ಬೇಕಾದಷ್ಟು ಸಿಗುತ್ತವೆ, ಅದನ್ನೇ ತಗೊಳ್ಳಿ.

ಮುಂಬೈಯ ಚೋರ್ ಬಜಾರ್‌ಗೆ, ಭೇಂಡಿ ಬಜಾರ್ ಹತ್ತಿರದ ಮಟನ್ ಸ್ಟ್ರೀಟಿಗೆ, ಎಲ್ಲರೂ ಹುಡುಕಿಕೊಂಡು ಹೋಗುವುದು ಹಿತ್ತಾಳೆ ಕಹಳೆಯ ಗ್ರಾಮಫೋನ್. ನೂರು ವರ್ಷ ಹಳೆಯದು, ಸಾಹೇಬರ ಬಂಗಲೆಯಿಂದ ಬಂದದ್ದು ಅಂತ ಶುರುಮಾಡುತ್ತಾರೆ. ಹೆಚ್ಚಿನವು ಹಾಗಲ್ಲ. ಸೂಟ್‌ಕೇಸಿನಂತೆ ಮಡಚುವ ಹಳೆ ಪೋರ್ಟಬಲ್ ಗ್ರಾಮಫೋನಿನ ಯಂತ್ರ ತೆಗೆದು, ಹೊಸ ಮರದ ಪೆಟ್ಟಿಗೆಗೆ ಹಾಕಿ, ಮೇಲೆ ಹೊಸ ಕಹಳೆ ಸಿಕ್ಕಿಸಿ, ನಾಯಿಯ ಚಿತ್ರದ ಲೇಬಲ್ ಅಂಟಿಸಿರುತ್ತಾರೆ. ಪೋರ್ಟಬಲ್ ಮಾದರಿಗಳಿಗೆ ಹೊರಗೆ ಕಹಳೆಯೇ ಇರಲಿಲ್ಲ. ಹಾಗಾಗಿ ಕಹಳೆ ಬಿಟ್ಟು ಕೆಳಗಿನ ಪೆಟ್ಟಿಗೆ ನೋಡಿ. ಎಂಟು ಮೂಲೆ, ಥಳಥಳ ಪಾಲಿಶ್, ಹೊಚ್ಚ ಹೊಸ ಸ್ಕ್ರೂ ಇದ್ದರೆ ಗೊತ್ತಾಯಿತಲ್ಲ.

ಆದರೂ ಈ ಬಜಾರಿಗೆ ನಾನು ಒಳ್ಳೆ ಮಾರ್ಕ್ಸು ಕೊಡುತ್ತೇನೆ. ‘ಭಾಯ್, ಡಬ್ಬಿ ಹೊಸದಲ್ವಾ?’ ಅಂತ ನಗುತ್ತಾ ಕೇಳಿದರೆ ಅಂಗಡಿಯವನೂ ನಕ್ಕು, ಯಂತ್ರ ಯಾವ ಕಾಲದ್ದು, ಪೆಟ್ಟಿಗೆ ಎಲ್ಲಿ ಮಾಡಿಸಿದ್ದು, ಸ್ಪ್ರಿಂಗ್ ಎಷ್ಟು ಸುತ್ತು ತಡೆಯುತ್ತೆ ಅಂತ ಪೂರ್ತಿ ಹೇಳುತ್ತಾನೆ. ಹಾಡು ಕೇಳುವ ಆಸೆ ಇದ್ದರೆ ಇಂಥದ್ದನ್ನು ಅದರ ಬೆಲೆಗೆ ಕೊಳ್ಳಬಹುದು. ಉಕ್ಕಿನ ಸೂಜಿ ಒಂದೊಂದು ಬದಿಗೂ ಬದಲಾಯಿಸಬೇಕು, ಇಲ್ಲದಿದ್ದರೆ ರೆಕಾರ್ಡಿನ ಗೆರೆ ಸವೆಯುತ್ತದೆ. ಸೂಜಿ ಡಬ್ಬಿ ಜೊತೆಗೇ ಕೇಳಿ ತಗೊಳ್ಳಿ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ರೆಕಾರ್ಡುಗಳು ಮಾತ್ರ ಇಲ್ಲಿ ಅಪ್ಪಟ ಹಳೆಯವು. ಕಲ್ಕತ್ತಾದಲ್ಲಿ 1908ರಿಂದಲೇ ಅವನ್ನು ಒತ್ತುತ್ತಿದ್ದರು. ಗುರುವಾರ ರಾತ್ರಿ ಕಳೆದು ಶುಕ್ರವಾರ ಬೆಳಕು ಹರಿಯುವ ಮೊದಲೇ ಫುಟ್‌ಪಾತ್ ಸಂತೆ ಶುರುವಾಗುತ್ತದೆ. ಅಂಗಡಿಗಳು ಆ ದಿನ ಮುಚ್ಚಿರುತ್ತವೆ, ಬೇರೆ ದಿನ ನೋಡಿಕೊಳ್ಳಿ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಚಿತ್ರದಂಥವು 1972ರ ಕಾನೂನಿನ ಪ್ರಕಾರ ಪ್ರಾಚೀನ ವಸ್ತು. ಖಾಸಗಿಯವರು ಅವನ್ನು ದೇಶದಿಂದ ಆಚೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಗಳಿಗೆ ಉಡುಗೊರೆ ಅಂತ ಹಳೆ ಕಂಚಿನ ವಿಗ್ರಹ ಕೊಳ್ಳುವ ಮೊದಲು ಇದು ತಲೆಯಲ್ಲಿರಲಿ. ದಂತವಂತೂ ಎಲ್ಲೇ ಕಂಡರೂ ದೂರ ಇರಿ. ಬ್ರಿಟನ್ನಿನಲ್ಲೂ 2022ರಿಂದ ಕೆಲವೇ ವಿನಾಯಿತಿ ಬಿಟ್ಟು ಅದರ ಮಾರಾಟ ಬಂದ್.

ಕೈಕೆಲಸದ ಸಂತೆಗಳಲ್ಲಿ ಎರಡನೇ ಪ್ರಶ್ನೆ ಶುರು. ಯಾರು ಮಾಡಿದ್ದು? ಇಲ್ಲಿ ಮೋಸ ಇನ್ನೂ ಸುಲಭ. ಒಂದು ದೊಡ್ಡ ನಗರದ ಹಾಲ್‌ನಲ್ಲಿ ನಡೆದ ಕರಕುಶಲ ಮೇಳಕ್ಕೆ ಹೋಗಿದ್ದೆ, ಹೆಸರು ಬೇಡ. ಒಂದೇ ಬಟ್ಟೆಯ ಒಂದೇ ಚೀಲ ಮೂರು ಮಳಿಗೆಯಲ್ಲಿ ಮೂರು ರಾಜ್ಯದ ಬೋರ್ಡಿನ ಕೆಳಗೆ ತೂಗುತ್ತಿತ್ತು. ಯಾರು ಮಾಡಿದ್ದು ಅಂದರೆ ಮೂವರೂ ‘ನಮ್ಮ ಹಳ್ಳಿ ಹೆಂಗಸರು’ ಅಂದರು. ಹಳ್ಳಿಯ ಹೆಸರು ಕೇಳಿದರೆ ಫೋನ್ ಬಂದಂತೆ ಎದ್ದು ಹೋದರು. ಮಳಿಗೆಯ ಬಾಡಿಗೆ ಕೇಳಿದ ಮೇಲೆ ಕಾರಣ ಅರ್ಥವಾಯಿತು. ಅಷ್ಟು ಕೊಟ್ಟು ಯಾವ ನೇಕಾರ ಬಂದು ಕೂರುತ್ತಾನೆ? ವ್ಯಾಪಾರಿಯೇ ಬರಬೇಕು. ಈ ಮೇಳಕ್ಕೆ ಸೊನ್ನೆ. ಪ್ರವೇಶ ಟಿಕೆಟ್ ಬೇರೆ.

ದೆಹಲಿಯ ಐಎನ್‌ಎ ಮೆಟ್ರೋ ಸ್ಟೇಷನ್ ಹತ್ತಿರದ ಕೈಕೆಲಸದ ಸಂತೆ ದಿಲ್ಲಿ ಹಾತ್ ಇದಕ್ಕೆ ಬೇರೆ ದಾರಿ ಹುಡುಕಿತು. 1994ರಲ್ಲಿ ಶುರುವಾದದ್ದು. ಮಳಿಗೆ ಯಾರಿಗೂ ಕಾಯಂ ಅಲ್ಲ, ಕಸುಬುದಾರರಿಗೆ ಸರದಿ ಮೇಲೆ 15 ದಿನ. ಯೋಚನೆ ಬಹಳ ಒಳ್ಳೆಯದು. ನಡೆಯುವುದು ಅಷ್ಟು ಶುದ್ಧವಾಗಿಲ್ಲ. ಕಸುಬುದಾರರ ಜಾಗದಲ್ಲಿ ವ್ಯಾಪಾರಿಗಳು ಕೂತಿದ್ದಾರೆ ಅನ್ನುವ ದೂರು ಹಳೆಯದು, ಸುತ್ತಿದರೆ ನಿಮಗೂ ಕಾಣುತ್ತದೆ. ಹಾಗಾಗಿ ಇಲ್ಲಿ ನೇರವಾಗಿ ‘ನೀವೇ ಮಾಡಿದ್ದಾ?’ ಅಂತ ಕೇಳಬೇಡಿ. ಎಲ್ಲರೂ ಹೌದು ಅಂತಾರೆ. ಕೆಲಸದ ಬಗ್ಗೆ ಕೇಳಿ.

ಜೈಪುರದ ನೀಲಿ ಪಾಟರಿ ಮುಂದೆ ನಿಂತು ‘ಇದಕ್ಕೆ ಯಾವ ಜೇಡಿಮಣ್ಣು?’ ಅಂತ ಕೇಳಿ. ಅದಕ್ಕೆ ಮಾಮೂಲಿ ಜೇಡಿಮಣ್ಣೇ ಹಾಕುವುದಿಲ್ಲ. ಬಿಳಿ ಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು ಕಲಸಿದ ಹಿಟ್ಟು ಅದು. ಮಾಡುವವರಾದರೆ ತಕ್ಷಣ ನಿಮ್ಮನ್ನು ತಿದ್ದುತ್ತಾರೆ. ವ್ಯಾಪಾರಿ ‘ಒಳ್ಳೆ ಕ್ವಾಲಿಟಿ ಮಣ್ಣು ಮೇಡಂ’ ಅನ್ನುತ್ತಾನೆ. ಡೋಕ್ರಾ ಅನ್ನುವ ಲೋಹದ ಎರಕದ ಆನೆ ನೋಡಿದರೆ ‘ಇದೇ ಥರದ್ದು ಇನ್ನೊಂದು ಕೊಡಿ, ಜೋಡಿ ಬೇಕು’ ಅನ್ನಿ. ಮೇಣದಲ್ಲಿ ಆಕಾರ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹುಯ್ಯುತ್ತಾರೆ. ಆಮೇಲೆ ಅಚ್ಚು ಒಡೆಯಲೇಬೇಕು. ಹಾಗಾಗಿ ಒಂದರಂತೆ ಇನ್ನೊಂದು ಆಗೋಕೆ ಸಾಧ್ಯವೇ ಇಲ್ಲ. ಪೆಟ್ಟಿಗೆಯಿಂದ ತದ್ರೂಪಿ ತೆಗೆದುಕೊಟ್ಟರೆ ಅದು ಡೋಕ್ರಾ ಅಲ್ಲ.

ಅಚ್ಚಿನ ಬಟ್ಟೆಯಾದರೆ ಕೂಡುವ ಜಾಗ ಹುಡುಕಿ. ಒಂದು ಒತ್ತು ಮುಗಿದು ಇನ್ನೊಂದು ಶುರುವಾಗುವಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಇಕತ್ ಆದರೆ ನೂಲಿಗೇ ಬಣ್ಣ ಹಾಕಿ ಆಮೇಲೆ ನೇಯುವುದರಿಂದ ಎರಡೂ ಬದಿ ಒಂದೇ ಥರ ಕಾಣಬೇಕು, ಅಂಚು ಸ್ವಲ್ಪ ಹರಡಿದಂತೆ ಇರಬೇಕು. ಪಶ್ಮಿನಾ ಶಾಲನ್ನು ಉಂಗುರದೊಳಗೆ ಎಳೆದು ತೋರಿಸುವ ಆಟವನ್ನು ನೋಡಿ ಚಪ್ಪಾಳೆ ತಟ್ಟಿ, ನಂಬಬೇಡಿ. ವಿಸ್ಕೋಸ್ ಅನ್ನುವ ತೆಳ್ಳಗಿನ ಕೃತಕ ರೇಷ್ಮೆ ಕೂಡ ಉಂಗುರದಲ್ಲಿ ಸಲೀಸಾಗಿ ತೂರುತ್ತದೆ. ಅಂಚಿನ ಒಂದು ಎಳೆ ಸುಟ್ಟು ನೋಡಲು ಒಪ್ಪಿದರೆ ಗೊತ್ತಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ವಿಸ್ಕೋಸ್ ಕಾಗದ ಸುಟ್ಟ ಹಾಗೆ.

ಚೌಕಾಸಿ ಬಗ್ಗೆ ಬಹಳ ಜನ ಕೇಳುತ್ತಾರೆ. ಹಳೆ ಸಾಮಾನಿನ ಸಂತೆಯಲ್ಲಿ ಧಾರಾಳವಾಗಿ ಮಾಡಿ, ಅದು ಆಟದ ಭಾಗ. ಎರಡು ಮೂರು ಸಾಮಾನು ಒಟ್ಟಿಗೆ ಹಿಡಿದು ಒಂದು ಬೆಲೆ ಕೇಳಿದರೆ ಬೇಗ ಇಳಿಯುತ್ತದೆ. ಸಂಜೆ ಗಂಟು ಕಟ್ಟುವ ಹೊತ್ತಿಗೆ ಇನ್ನೂ ಇಳಿಯುತ್ತದೆ, ಆದರೆ ಒಳ್ಳೆಯದೆಲ್ಲ ಬೆಳಿಗ್ಗೆಯೇ ಹೋಗಿರುತ್ತದೆ. ಬದಲಾಯಿಸುವುದು, ವಾಪಸ್ ಕೊಡುವುದು ಅಂತ ಯಾವುದೂ ಇಲ್ಲ. ನೋಟು ಚಿಲ್ಲರೆ ಮಾಡಿಸಿಕೊಂಡು ಹೋಗಿ, ಸಣ್ಣ ಟಾರ್ಚ್ ಮತ್ತು ಅಳತೆ ಟೇಪ್ ಚೀಲದಲ್ಲಿರಲಿ. ಮಾಡಿದವರೇ ಎದುರಿಗೆ ಕೂತಿದ್ದರೆ ನಾನು ಬೆಲೆ ಎಳೆದಾಡುವುದಿಲ್ಲ. ಎಷ್ಟು ದಿನದ ಕೆಲಸ ಅಂತ ಕೇಳಿ, ಕೂಲಿ ಲೆಕ್ಕ ಮನಸ್ಸಿನಲ್ಲೇ ಹಾಕಿದರೆ ಸಾಕು, ಬಾಯಿ ತಾನಾಗೇ ಮುಚ್ಚುತ್ತದೆ.

ದಿಲ್ಲಿ ಹಾತ್‌ಗೆ ಹೋಗುವವರು ವಾರದ ದಿನ, ಬಾಗಿಲು ತೆಗೆದ ಹೊತ್ತಿಗೆ ಹೋಗಿ. ಸಂಜೆ ಆದ ಮೇಲೆ ಊಟಕ್ಕೆ ಬರುವವರೇ ಜಾಸ್ತಿ, ಯಾರಿಗೂ ಮಾತಾಡೋಕೆ ಪುರುಸೊತ್ತಿರುವುದಿಲ್ಲ. ಬೆಳಿಗ್ಗೆಯಾದರೆ ಕೆಲವರು ಅಲ್ಲೇ ಕೂತು ಕೆಲಸ ಮಾಡುತ್ತಿರುತ್ತಾರೆ. ಇಷ್ಟವಾದದ್ದು ಕಂಡರೆ ‘ಆಮೇಲೆ ಬರುತ್ತೇನೆ’ ಅಂತ ಬಿಟ್ಟು ಬರಬೇಡಿ. ಸರದಿ ಮುಗಿದರೆ ಅದೇ ಮಳಿಗೆಯಲ್ಲಿ ಬೇರೆ ಊರಿನವರು ಕೂತಿರುತ್ತಾರೆ. ಮಾಡಿದವರ ಫೋನ್ ನಂಬರ್ ಬರೆದುಕೊಳ್ಳಿ. ಊರಿಗೆ ಹೋದ ಮೇಲೆ ಬೇಕಾದ ಅಳತೆಗೆ ಮಾಡಿ ಕೊರಿಯರ್‌ನಲ್ಲಿ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ.